ತಗಡಿನ ಆಚೆ ಬದಿಯ ಸಾಕ್ಷಿ

ರೇಡಿಯೊಗೆ ತನ್ನ ಭಾವನ ಮೇಲಿದ್ದ ಸಿಟ್ಟು ಆಸ್ತಿಯದ್ದಲ್ಲ, ಹೆಣ್ಣು ಕೊಟ್ಟ ಮನೆಯ ಬಿಗುಮಾನದ್ದೂ ಅಲ್ಲ. ಒಂದೇ ಒಂದು 'ಇಲ್ಲ'ದ್ದು. ಅವನ ಇಡೀ ಆಯುಸ್ಸಿನಲ್ಲಿ ಬಾಯಿಂದ ಬಿದ್ದ ಒಂದು ಭವಿಷ್ಯ ನಿಜವಾಗಿತ್ತು. ಅದಕ್ಕಿದ್ದ ಒಬ್ಬನೇ ಸಾಕ್ಷಿ ಎಲ್ಲರ ಮುಂದೆ ತಲೆಯಾಡಿಸಿ 'ಇಲ್ಲಪ್ಪ' ಅಂದುಬಿಟ್ಟಿದ್ದ. ಆ ಸಂಕಟ ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಇವತ್ತಿಗೂ ಹೋಗಿಲ್ಲ.

ರೇಡಿಯೊ ಅನ್ನುವುದು ಬಸ್ಸಿಗೆ ಬಾಡಿ ಕಟ್ಟುವ ಶೆಡ್ಡಿನವರು ಇಟ್ಟ ಹೆಸರು. ಗುದ್ದಿಸಿಕೊಂಡು ಬಂದ ಬಸ್ಸಿನ ಹೊರಗೆ ನಿಂತು ತಗಡು ಬಡಿಯುವುದು ಅವನ ಕೆಲಸ. ಒಳಗೆ ಕುಕ್ಕರುಗಾಲಲ್ಲಿ ಕೂತು, ಪೆಟ್ಟು ಬೀಳುವ ಜಾಗಕ್ಕೆ ಸರಿಯಾಗಿ ಕಬ್ಬಿಣದ ಗಟ್ಟಿ ಒತ್ತಿಹಿಡಿಯುವವನು ಹೆಂಡತಿಯ ಅಣ್ಣ, ಅಂದರೆ ಭಾವ. ಇಬ್ಬರ ನಡುವೆ ತಗಡು, ಮುಖ ಕಾಣುವುದಿಲ್ಲ. ಆದರೆ ಮಾತಿಗೇನು ಅಡ್ಡಿ? ನಾಲ್ಕು ಪೆಟ್ಟು ಹಾಕಿ, ಸುತ್ತಿಗೆ ನಿಲ್ಲಿಸಿ, ಒಂದು ಅಭಿಪ್ರಾಯ ಹೇಳುವುದು. ಮತ್ತೆ ನಾಲ್ಕು ಪೆಟ್ಟು.

ಕ್ಯಾಪ್ಟನ್ನಿಗೆ ಟಾಸು ಗೆಲ್ಲುವುದೊಂದು ಬಿಟ್ಟು ಬೇರೇನೂ ಬರುವುದಿಲ್ಲ, ಗೆದ್ದ ಮ್ಯಾಚನ್ನು ಕೈಯಾರೆ ಕೊಟ್ಟು ಬಂದ ಎನ್ನುವುದು ಒಂದು. ಸಿನಿಮಾದಲ್ಲಿ ಹೀರೋನ ಕಾರು ಸೇತುವೆಯಿಂದ ಕೆಳಗೆ ಬೀಳುತ್ತದೆ, ಮುಂದಿನ ಸೀನಿನಲ್ಲಿ ಬಾಗಿಲಿಗೆ ಒಂದು ನೆಗ್ಗೂ ಇಲ್ಲ, ಹಾಗಾದರೆ ನಾವೆಲ್ಲ ಯಾಕೆ ಹುಟ್ಟಿದೆವು ಎನ್ನುವುದು ಇನ್ನೊಂದು. ಮಗಳು ಲೈಬ್ರರಿಯಿಂದ ತಂದ ಕಾದಂಬರಿಯನ್ನು ಅವನು ತಡವರಿಸುತ್ತ ಓದಿ ಮುಗಿಸಿದ್ದ. ಅದರೊಳಗಿನ ಹೆಂಗಸು ಮನಸ್ಸಿನ ಮಾತನ್ನು ಗಂಡನಿಗೆ ಮೊದಲ ಪುಟದಲ್ಲೇ ಹೇಳಿದ್ದರೆ ಅಷ್ಟೂ ಕಾಗದ ಉಳಿಯುತ್ತಿತ್ತು ಎಂಬುದು ಅವನ ತೀರ್ಪು. ಪ್ರತಿ ತೀರ್ಪಿಗೂ ತಗಡಿನ ಹಿಂದಿನಿಂದ ಒಂದೇ ಉತ್ತರ: "ನೀನು ಹೇಳೋದೂ ಸರಿ ಬಿಡಪ್ಪ."

ಮನೆಯಲ್ಲಿ ಅವನು ಬಾಯಿ ತೆರೆದರೆ ಹೆಂಡತಿ ಒಲೆ ಕಡೆ ತಿರುಗುತ್ತಿದ್ದಳು, ಮಗಳು ಕಿವಿಗೆ ವೈರು ಸಿಕ್ಕಿಸಿಕೊಳ್ಳುತ್ತಿದ್ದಳು. ಸರಿ ಅನ್ನುವ ಬಾಯಿ ಲೋಕದಲ್ಲಿ ತಗಡಿನ ಹಿಂದಿನದೊಂದೇ ಇತ್ತು.

ಒಂದು ಎಲೆಕ್ಷನ್ನಿನಲ್ಲಿ ಇಡೀ ಊರು ಒಬ್ಬ ದೊಡ್ಡ ಮನುಷ್ಯನೇ ಗೆದ್ದಂತೆ ಎಂದುಕೊಂಡಿತ್ತು. ಈ ಸಲ ಅವನು ಮಣ್ಣು ಮುಕ್ಕುತ್ತಾನೆ ಎಂದು ರೇಡಿಯೊ ತಗಡಿಗೆ ಬಾಯಿ ಹಚ್ಚಿ ಹೇಳಿದ. ಮುಕ್ಕಿದ. ಫಲಿತಾಂಶದ ದಿನ ಟೀ ಹೊತ್ತಿಗೆ ರೇಡಿಯೊ ಎದೆ ಉಬ್ಬಿಸಿಕೊಂಡು, ನಾನು ಮೊದಲೇ ಹೇಳಿದ್ದೆ, ಬೇಕಾದರೆ ಕೇಳಿ ಎಂದು ಭಾವನತ್ತ ಕೈ ತೋರಿಸಿದ. ಎಲ್ಲರೂ ಅತ್ತ ತಿರುಗಿದರು. ಬಸ್ಸಿಗೆ ಬಣ್ಣ ಹೊಡೆಯುವ ಪೇಂಟರ್ ಭಾವನ ಹತ್ತಿರ ಹೋಗಿ, ಹೌದಾ ಎಂದು ಕೇಳಿದ. ಭಾವ ಎಲ್ಲರ ಮುಖ ನೋಡಿ, "ಇಲ್ಲಪ್ಪ, ಇವನು ಅಂಥೋನಲ್ಲ" ಅಂದ. ಶೆಡ್ಡು ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಪೇಂಟರನದು ಒಂದೇ ರಾಗ: ನಮ್ಮ ರೇಡಿಯೊದಲ್ಲಿ ಘಟನೆ ಮೊದಲು, ಭವಿಷ್ಯ ಆಮೇಲೆ.

ರೇಡಿಯೊ ಭಾವನ ಹುಟ್ಟಿನಿಂದ ಶುರುಮಾಡಿ ಬೈದ. ಭಾವ ಅವನ ಮುಖ ನೋಡುತ್ತ ನಿಂತ. ಮಾರನೆಯ ದಿನ ಮತ್ತೆ ಅದೇ ತಗಡು, ಅದೇ ಸುತ್ತಿಗೆ. ಹೊಟ್ಟೆಪಾಡು ಕೋಪ ತಾಪ ಕೇಳುತ್ತದೆಯೇ?

ಹೀಗೇ ವರ್ಷಗಳು ಉರುಳಿದವು. ಇಬ್ಬರ ಭುಜವೂ ಸವೆಯಿತು. ಒಂದು ದಿನ ರೇಡಿಯೊಗೆ ಗಂಟಲು ಕಟ್ಟಿ ಸ್ವರವೇ ಹೊರಡಲಿಲ್ಲ. ಬಡಿಯುತ್ತಾ ನಡುವೆ ನೀರು ಕುಡಿಯಲು ಸುತ್ತಿಗೆ ಇಳಿಸಿದ. ಒಳಗಿನಿಂದ ಬಂತು: "ನೀನು ಹೇಳೋದೂ ಸರಿ ಬಿಡಪ್ಪ."

ರೇಡಿಯೊ ಲೋಟ ಕೆಳಗಿಟ್ಟ. ಅವನು ಬಸ್ಸು ಹತ್ತಿ ಒಳಗೆ ಹೋದ. ಬೆನ್ನ ಹಿಂದೆ ನಿಂತು ಕಾಲು ಕುಟ್ಟಿದ, ಕೈ ತಟ್ಟಿದ. ಭಾವ ತಿರುಗಲಿಲ್ಲ. ಭುಜ ಮುಟ್ಟಿದಾಗ ಬೆಚ್ಚಿಬಿದ್ದ. ರೇಡಿಯೊ ತನ್ನ ಕಿವಿ ಮುಟ್ಟಿಕೊಂಡು ತೋರಿಸಿದ.

"ಮೇಸ್ತ್ರಿಗೆ ಹೇಳಬೇಡ," ಎಂದ ಭಾವ ಮೆಲ್ಲಗೆ. "ಕಿವಿ ಹೋದೋನ್ನ ಒಳಗೆ ಕೂರಿಸಲ್ಲ."

ಗಟ್ಟಿಯ ಅದುರು ಕೈಗೆ ತಿಳಿಯುತ್ತಿತ್ತಂತೆ. ಸುತ್ತಿಗೆ ನಿಂತರೆ ಇವನೇನೋ ಹೇಳುತ್ತಿದ್ದಾನೆ ಎಂದು ಲೆಕ್ಕ. ಎಲೆಕ್ಷನ್ನಿನ ದಿನದ 'ಇಲ್ಲ' ಯಾಕೆ ಎಂದು ರೇಡಿಯೊ ಸನ್ನೆ ಮಾಡಿ, ತುಟಿ ಆಡಿಸಿ, ಬೆವರಿ ಕೇಳಿದ. ಭಾವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು.

"ಪೇಂಟರನ ಥಿನ್ನರ್ ಡಬ್ಬ ಕಳೆದಿತ್ತಲ್ಲ ಆಗ. ನೀನು ಕದ್ದೆಯಾ ಅಂತ ಕೇಳ್ತಿದಾನೆ ಅಂದ್ಕೊಂಡೆ. ಅದಕ್ಕೇ ಇಲ್ಲ ಅಂದೆ."

ರೇಡಿಯೊ ಬಸ್ಸಿನ ನೆಲದ ಮೇಲೆ ಕೂತುಬಿಟ್ಟ. ಇಷ್ಟು ವರ್ಷ ಅವನು ತಗಡಿನ ಜೊತೆ ಮಾತಾಡಿದ್ದ. ಬೈಯೋಣವೆಂದರೆ ಗಂಟಲಿಲ್ಲ, ಇದ್ದರೂ ಅತ್ತ ಕಿವಿಯಿಲ್ಲ.

"ನಾನು ಕೆಲಸ ಬಿಡೋ ದಿನ ಎಲ್ಲರ ಮುಂದೆ ಹೇಳ್ತೀನಿ ಕಣಪ್ಪ, ನೀನು ಹೇಳಿದ್ದೆ ಅಂತ," ಎಂದ ಭಾವ. "ಅದು ನನ್ನ ಮೇಲೆ ನಿನ್ನ ಸಾಲ."

ರೇಡಿಯೊಗೆ ಸ್ವರ ಮರಳಿದ ವಾರವೇ ಮತ್ತೊಂದು ಎಲೆಕ್ಷನ್ನಿನ ಮಾತೆದ್ದಿತು. ಟೀ ಹೊತ್ತಿಗೆ ಪೇಂಟರ್ ಹಳೆಯ ರಾಗ ತೆಗೆದು, ಈ ಸಲ ಸಾಕ್ಷಿಗೆ ಯಾರನ್ನು ಕರೆಯುತ್ತೀಯ ಎಂದು ಕೆಣಕಿದ. ಮೇಸ್ತ್ರಿ ಅಲ್ಲೇ ನಿಂತಿದ್ದ. ಭಾವ ಎಲ್ಲರ ಬಾಯಿ ನೋಡುತ್ತ ನಗುತ್ತಿದ್ದ, ಯಾಕೆಂದರೆ ಎಲ್ಲರೂ ನಗುತ್ತಿದ್ದರು. 'ಅವನಿಗೆ ಕಿವಿ ಕೇಳಿಸಲ್ಲ' ಎಂಬುದೊಂದೇ ಮಾತು ಸಾಕಿತ್ತು. ನಾಲಿಗೆಯ ತುದಿಗೂ ಬಂತು. ರೇಡಿಯೊ ಟೀ ಜೊತೆ ಅದನ್ನು ನುಂಗಿದ.

"ಯಾರನ್ನೂ ಕರೆಯಲ್ಲ. ಆವತ್ತು ನಾನು ಹೇಳಿರಲಿಲ್ಲ, ಸುಳ್ಳು ಬಿಟ್ಟಿದ್ದೆ. ಸಾಕಾ?"

ಪೇಂಟರನಿಗೇ ಯಾಕೋ ನಗು ಬರಲಿಲ್ಲ.

ಭಾವ ಕೆಲಸ ಬಿಡುವ ದಿನ ಬರಲೇ ಇಲ್ಲ. ಅದಕ್ಕೆ ಮೊದಲೇ ಓನರು ಶೆಡ್ಡಿಗೆ ಬೀಗ ಹಾಕಿದ. ಜನ ದಿಕ್ಕಿಗೊಬ್ಬರಾದರು. 'ಎಲ್ಲರ ಮುಂದೆ' ಅನ್ನಲು ಎಲ್ಲರೂ ಎಲ್ಲಿದ್ದರು?

ಮೊನ್ನೆ ಬಸ್‌ಸ್ಟಾಪಿನಲ್ಲಿ ಭಾವನೂ ರೇಡಿಯೊನೂ ನಿಂತಿದ್ದಾಗ ಪೇಂಟರ್ ಸಿಕ್ಕಿದ. ಮುದುಕನಾಗಿದ್ದ. ಏನು ರೇಡಿಯೊ, ಈ ಸಲ ಯಾರು ಗೆಲ್ಲುತ್ತಾರೆ ಎಂದು ಕೇಳಿದ. ರೇಡಿಯೊ ಆಗಲೇ ದಣಿದಿದ್ದ. ಯಾರಾದರೂ ಗೆಲ್ಲಲಿ ಎಂಬಂತೆ ಕೈ ಬೀಸಿ ಸುಮ್ಮನಾದ. ಆ ಮೌನ ಕಂಡು ಭಾವ, ತನ್ನ ಸರದಿ ಬಂತೆಂದು, ಪೇಂಟರನತ್ತ ಬಾಗಿ ಹೇಳಿದ:

"ಅವನು ಹೇಳೋದೂ ಸರಿ ಬಿಡಪ್ಪ."

ಬಸ್ಸು ಬಂತು. ಪೇಂಟರ್ ಹತ್ತಿಕೊಂಡು ಹೋದ. ಸಾಲ ಹಾಗೇ ಉಳಿಯಿತು.