ಕರಿಮಣಿಯ ಕೊಂಡಿ ಮತ್ತು ಪಾರ್ಲರಿನ ಬೇಸಿನ್ನು

ಕೊಪ್ಪದ ಆ ಮಹಡಿ ಮೇಲಿನ ಪಾರ್ಲರಿಗೆ ನಾನು ಚಂದ ಕಾಣಲೆಂದು ಹೋಗುತ್ತಿದ್ದವಳಲ್ಲ. ಆ ಆಸೆ ಬಿಟ್ಟು ಯಾವುದೋ ಕಾಲವಾಯಿತು. ಕುತ್ತಿಗೆಯ ಮೂಳೆ ಸವೆದಿದೆ, ಬಗ್ಗಿ ತಲೆಗೆ ನೀರು ಹಾಕಿಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ್ದರು. ಬಗ್ಗಿದರೆ ಬಚ್ಚಲುಮನೆಯೇ ಗಿರ್ರೆಂದು ತಿರುಗುತ್ತಿತ್ತು. ಪಾರ್ಲರಿನಲ್ಲಾದರೆ ಕುರ್ಚಿಗೆ ಒರಗಿ, ತಲೆಯನ್ನು ಹಿಂದಿನ ಬೇಸಿನ್ನಿಗೆ ಒಪ್ಪಿಸಿದರೆ ಮುಗಿಯಿತು.

ಮೇಗುಂದದಿಂದ ಸ್ಕೂಟರಿನಲ್ಲಿ ಕರೆತರುತ್ತಿದ್ದವರು ನಮ್ಮ ಯಜಮಾನರು. "ತಲೆ ತೊಳಿಯೋಕೂ ಪೇಟೆಗೆ ಬರ್ಬೇಕು ನಿಂಗೆ. ಎಂತ ಕಾಲ ಬಂತು ಮಾರಾಯ್ತಿ" ಎಂದು ಪ್ರತಿ ಸಲವೂ ಗೊಣಗುವರು. ಗೊಣಗುತ್ತಲೇ ಕೆಳಗಿನ ಹೋಟೆಲಿನಲ್ಲಿ ಕೂತು ಗೋಳಿಬಜೆ ತಿನ್ನುವರು. ಅವರು ಬರುತ್ತಿದ್ದದ್ದೇ ಅದಕ್ಕೆ ಎಂದು ನನಗೆ ಗುಮಾನಿ.

ನನ್ನದು ಸ್ವಲ್ಪ ಅತಿಯಾದ ಶುಚಿ. ಊರವರೆಲ್ಲ ತಲೆಯಿಟ್ಟ ಬೇಸಿನ್ನಿಗೆ ನನ್ನ ಕತ್ತು ತಾಗಬಾರದೆಂದು ಮನೆಯಿಂದಲೇ ಟವೆಲ್ ಒಯ್ಯುತ್ತಿದ್ದೆ. ಪಾರ್ಲರಿನವಳು ನರಸಿಂಹರಾಜಪುರದ ಕಡೆಯ ಹುಡುಗಿ. ನನ್ನ ಸ್ವಭಾವ ಗೊತ್ತಿದ್ದರಿಂದ ನನ್ನೆದುರೇ ಬೇಸಿನ್ನಿನ ಅಂಚನ್ನು ಸೋಪು ಹಾಕಿ ತಿಕ್ಕಿ, "ಸಾಕಾ ಅಕ್ಕಾ, ಇನ್ನೂ ಉಜ್ಜಬೇಕಾ?" ಎಂದು ನಗುವಳು. ಟವೆಲನ್ನು ಮಡಿಸಿ ಕತ್ತಿನಡಿಗೆ ಕೊಡುವಳು. ನೀರನ್ನು ತನ್ನ ಮಣಿಕಟ್ಟಿಗೆ ಬಿಟ್ಟು ಬಿಸಿ ನೋಡುವಳು. ಕೊನೆಗೆ ಅವಳ ಖಾಯಂ ಮಾತು: "ಕರಿಮಣಿ ಕೊಂಡಿ ಬದಿಗೆ ಮಾಡ್ಕೊಳ್ಳಿ ಅಕ್ಕಾ."

ಬೇರೆ ಸರವಾದರೆ ಬಿಚ್ಚಿ ಬ್ಯಾಗಿಗೆ ಹಾಕಬಹುದು. ಕರಿಮಣಿಯನ್ನು ಬಿಚ್ಚುವಂತಿಲ್ಲವಲ್ಲ. ಹಾಗಾಗಿ ಬರುವ ಹೆಂಗಸರೆಲ್ಲ ಬೆರಳು ತೂರಿಸಿ ಕೊಂಡಿಯನ್ನು ಕಿವಿಯ ಕಡೆಗೆ ಸರಿಸಿಕೊಳ್ಳುವುದು. ನನ್ನದು ಹಠಮಾರಿ ಕೊಂಡಿ. ಅವಳು ತಲೆ ತಿಕ್ಕುವಷ್ಟರಲ್ಲಿ ಜಾರಿ ಹಿಂದಕ್ಕೆ ಬಂದು, ಮೂಳೆಗೂ ಬೇಸಿನ್ನಿಗೂ ನಡುವೆ ಕೂತು ಒತ್ತುತ್ತಿತ್ತು. ಕೆಂಪಾದ ಕತ್ತನ್ನು ನೋಡಿ ಯಜಮಾನರು, "ಯಾರೇ ಕಚ್ಚಿದ್ದು?" ಎಂದು ಹೋಟೆಲಿನ ಬಾಗಿಲಲ್ಲೇ ಕೇಳಿ ಮಾನ ಕಳೆಯುವರು.

ಒಂದು ಬೆಳಿಗ್ಗೆ ಕಾಫಿ ಕುಡಿದು ಪೇಪರ್ ಹಿಡಿದು ಕೂತ ಯಜಮಾನರು ಹಾಗೆಯೇ ಹೋಗಿಬಿಟ್ಟರು. ನಾನು ಅಳಲಿಲ್ಲ. ಬಂದವರು ಅತ್ತರು. ನಾನು ಯಾರ ಕಾಲಿನ ಕೆಸರು ಜಗಲಿಗೆ ಬಂತೆಂದು ನೋಡುತ್ತಿದ್ದೆ. ಕರ್ಮದ ದಿನ ಅವರ ಅಕ್ಕ, "ಈಗೆಲ್ಲ ಕರಿಮಣಿ ಯಾರೂ ತೆಗಿಯೋದಿಲ್ಲ ಮಾರಾಯ್ತಿ, ಇರ್ಲಿ ಬಿಡು" ಎಂದರು. ಇದ್ದರೇನು, ಹೋದರೇನು ಅನಿಸಿತು. ನಾನೇ ಬಿಚ್ಚಿ ಸ್ಟೀಲಿನ ಡಬ್ಬಿಗೆ ಹಾಕಿಟ್ಟೆ. ಆಗಲೂ ಏನೂ ಆಗಲಿಲ್ಲ.

ಗಟ್ಟಿ ಹೆಂಗಸು ಎಂದು ಜನ ಮೆಚ್ಚಿದರು. ನನಗೆ ಮಾತ್ರ ಭಯವಾಗತೊಡಗಿತು. ಅಷ್ಟು ವರ್ಷ ಬಾಳಿದ ಮನುಷ್ಯ ಹೋದರೆ ಇಷ್ಟೇನಾ? ನನ್ನೊಳಗೆ ಅವರ ಮೇಲೆ ಏನೂ ಇರಲೇ ಇಲ್ಲವೇ? ಇದನ್ನು ಯಾರಲ್ಲಿ ಕೇಳುವುದು? ಉಣ್ಣುತ್ತಿದ್ದೆ, ಮಲಗುತ್ತಿದ್ದೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದೆ.

ತಲೆ ತುರಿಕೆ ತಡೆಯಲಾರದೆ ಒಂದು ದಿನ ಬಸ್ಸು ಹತ್ತಿ ಕೊಪ್ಪಕ್ಕೆ ಹೋದೆ. ಪಾರ್ಲರಿನವಳು ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡು, "ಸುದ್ದಿ ಗೊತ್ತಾಯ್ತು ಅಕ್ಕಾ" ಎಂದಳು. ಹೆಚ್ಚು ಮಾತಾಡಲಿಲ್ಲ, ಪುಣ್ಯ. ಕುರ್ಚಿಗೆ ಒರಗಿದೆ. ಬೇಸಿನ್ನು ತಿಕ್ಕಿದಳು, ಟವೆಲ್ ಕೊಟ್ಟಳು, ನೀರಿನ ಬಿಸಿ ನೋಡಿದಳು. ಕೈ ಕೆಲಸಕ್ಕೆ ಬಿದ್ದ ಮೇಲೆ ಬಾಯಿಯೂ ಅದರ ಹಿಂದೆಯೇ ಹೋಯಿತು.

"ಕರಿಮಣಿ ಕೊಂಡಿ ಬದಿಗೆ ಮಾಡ್ಕೊಳ್ಳಿ ಅಕ್ಕಾ."

ನನ್ನ ಕೈಯೂ ಎದ್ದು ಕತ್ತಿನ ಹಿಂದಕ್ಕೆ ಹೋಯಿತು. ಬೆರಳು ಸ್ವಲ್ಪ ಹೊತ್ತು ಹುಡುಕಿತು. ಅವಳ ಕೈ ನನ್ನ ತಲೆಯ ಮೇಲೆಯೇ ನಿಂತುಬಿಟ್ಟಿತು.

"ಅಯ್ಯೋ, ಬಾಯಿ ತಪ್ಪಿ ಬಂತು ಅಕ್ಕಾ."

"ಇರ್ಲಿ ಮಾರಾಯ್ತಿ, ನೀರು ಹೋಗ್ತಾ ಉಂಟು, ತೊಳಿ" ಎಂದೆ. ಅದಕ್ಕೂ ನನಗೆ ಏನೂ ಅನಿಸಲಿಲ್ಲ.

ಅವಳು ಮೆತ್ತಗೆ ತಿಕ್ಕತೊಡಗಿದಳು. ಕಣ್ಣು ಮುಚ್ಚಿದೆ. ಇನ್ನೇನು ಕೊಂಡಿ ಒತ್ತುತ್ತದೆ ಎಂದು ಕತ್ತು ತಾನಾಗಿಯೇ ಬಿಗಿದುಕೊಂಡು ಕಾಯುತ್ತಿತ್ತು. ಒತ್ತಲಿಲ್ಲ. ಟವೆಲಿನ ಮೇಲೆ ಕತ್ತು ಸರಿಯಾಗಿ ಕೂತಿತ್ತು. ಬಿಸಿನೀರು ಇಳಿಯುತ್ತಿತ್ತು. ಆ ಕುರ್ಚಿಯಲ್ಲಿ ಅಷ್ಟು ಹಾಯೆನಿಸಿದ್ದು ಅದೇ ಮೊದಲು. ಆ ಸುಖ ನನಗೆ ಬೇಡವಾಗಿತ್ತು. ನಾನು ಕೇಳಿರಲಿಲ್ಲ.

ಕಣ್ಣಿನಿಂದ ಇಳಿದದ್ದು ಕಿವಿಗೆ ಹೋದಾಗ ಅವಳು ನಲ್ಲಿ ನಿಲ್ಲಿಸಿದಳು. "ಕುತ್ತಿಗೆ ನೋಯ್ತಾ ಉಂಟಾ ಅಕ್ಕಾ?"

"ಇಲ್ಲ, ಸ್ವಲ್ಪವೂ ನೋಯ್ತಾ ಇಲ್ಲ" ಎಂದೆ. ಹಾಗೆನ್ನುತ್ತಲೇ ಬಿಕ್ಕಿ ಬಿಕ್ಕಿ ಅಳತೊಡಗಿದೆ.