ಹಸಿರು ಪರದೆಯ ಒತ್ತಕ್ಷರ

ಮೊನ್ನೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ ಕಂಪ್ಯೂಟರಿನ ಪರದೆಯನ್ನು ನನ್ನತ್ತ ತಿರುಗಿಸಿ, ಹೆಸರು ಸರಿಯಿದೆಯೇ ನೋಡಿ ಅಂದಳು. ಕಿಟಕಿಯಷ್ಟು ಅಗಲದ ಪರದೆ, ಹೆಬ್ಬೆರಳು ಗಾತ್ರದ ಅಕ್ಷರ. ಆದರೂ ನಾಲ್ಕು ಸಲ ಓದಿದೆ. ಹಿಂದೆ ನಿಂತವರು ಗೊಣಗಿದರು. ಅವರಿಗೇನು ಹೇಳಲಿ? ನಿಮಗಾದರೆ ಹೇಳಬಹುದು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹಿರೇಕೆರೂರಿನ ಒಂದು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಕೆಲಸ ಕಲಿಸಿದವರು ಸವಣೂರಿನ ಇಮಾಮಸಾಬರು. ಸೀಸದ ಅಕ್ಷರಗಳನ್ನು ತಿರುವುಮುರುವಾಗಿಯೇ ಸರಾಗ ಓದುತ್ತಿದ್ದರು. ಕಣ್ಣು ಮುಚ್ಚಿ ಬೆರಳಾಡಿಸಿಯೂ ಇಂಥದೇ ಅಕ್ಷರವೆಂದು ಹೇಳುತ್ತಿದ್ದರು. ತಪ್ಪು ಸಿಕ್ಕರೆ ಬೈಯುತ್ತಿರಲಿಲ್ಲ; ಚಹಾ ಆರುವವರೆಗೆ ಸುಮ್ಮನೆ ಕೂರುತ್ತಿದ್ದರು. ಬೈಗುಳವೇ ವಾಸಿ ಅನ್ನಿಸುತ್ತಿತ್ತು.

ಅಷ್ಟರಲ್ಲಿ ಮಾಲೀಕರು ಕಂಪ್ಯೂಟರ್ ತಂದರು. ಹುಬ್ಬಳ್ಳಿಯಲ್ಲಿ ನಾಲ್ಕು ದಿನ ಕಲಿತು ಬಂದ ನಾನು ಊರಿಗೊಬ್ಬನೇ ವಿಜ್ಞಾನಿಯಾದೆ. ಚಪ್ಪಲಿ ಹೊರಗೆ ಬಿಟ್ಟು, ಊದುಬತ್ತಿ ಹಚ್ಚಿ ಕೂರುತ್ತಿದ್ದೆ. ಪರದೆ ಮಾತ್ರ ಊಟದ ತಾಟಿಗಿಂತ ಸಣ್ಣದು. ಕಪ್ಪಿನ ಮೇಲೆ ಹಸಿರು ಚುಕ್ಕಿಗಳು. ಕನ್ನಡದ ಒಂದು ಅಕ್ಷರ ಬಿಡಿಸಲು ಅವು ಸಾಲುತ್ತಿರಲಿಲ್ಲ. ‘ಪ’ಕ್ಕೂ ‘ವ’ಕ್ಕೂ ವ್ಯತ್ಯಾಸ ತಿಳಿಯದು. ಒತ್ತಕ್ಷರಗಳಂತೂ ಸಾಲಿನ ಕೆಳಗೆ ಸತ್ತ ಇರುವೆಗಳ ಹಾಗೆ ಬಿದ್ದಿರುತ್ತಿದ್ದವು. ಕಾಗದದ ಪ್ರೂಫು ನಿಂತುಹೋಗಿತ್ತು. ಪರದೆಯಲ್ಲೇ ತಿದ್ದಿ ಫ್ಲಾಪಿಯನ್ನು ಹುಬ್ಬಳ್ಳಿಗೆ ಕಳಿಸಿದರೆ ಅಲ್ಲಿಂದ ಅಚ್ಚಾಗಿ ಬರುತ್ತಿತ್ತು.

ಒಂದು ದಿನ ಅಬಲೂರಿನಿಂದ ನಿಂಗಪ್ಪ ಎಂಬ ಹಿರಿಯರು ಬಂದರು. ತಂಗಿ ನಿಂಗವ್ವ ತೀರಿಕೊಂಡಿದ್ದಳು, ಪುಣ್ಯಸ್ಮರಣೆಯ ಕಾರ್ಡು ಬೇಕಿತ್ತು. ನಾನು ಬೆರಳಚ್ಚು ಮಾಡಿದೆ. ಇಮಾಮಸಾಬರು ಪರದೆಗೆ ಮೂಗು ತಾಗಿಸಿ ನೋಡಿದರು.

“ಇದು ವ್ವ ಏನು, ಪ್ಪ ಏನೋ ತಮ್ಮಾ? ನನಗ ಕಾಣವಲ್ದು.”

“ವ್ವ ಐತ್ರಿ ಉಸ್ತಾದ್ರ. ಪರದೆ ಸಣ್ಣದೈತಿ, ಅದಕ್ಕ ಹಂಗ ಕಾಣತೈತಿ,” ಅಂದೆ. ನಿಜ ಹೇಳಬೇಕೆಂದರೆ ನನಗೂ ಕಾಣುತ್ತಿರಲಿಲ್ಲ.

ನಿಂಗಪ್ಪನವರಿಗೆ ಓದು ಬಾರದು. ಹುಬ್ಬಳ್ಳಿಯಿಂದ ಕಾರ್ಡು ಬಂದ ದಿನವೇ, ನಾವು ಕಟ್ಟು ಬಿಚ್ಚಿ ನೋಡುವ ಮೊದಲೇ, ಒಯ್ದು ಅಂಚೆಗೆ ಹಾಕಿಸಿದರು. ಮೂರನೆಯ ದಿನ ಆಡೂರಿನ ಬೀಗರು ಅಳುತ್ತ ಬಂದು ನೋಡಿದರೆ, ಸತ್ತರೆಂದು ಅಚ್ಚಾಗಿದ್ದ ನಿಂಗಪ್ಪನವರೇ ಕಟ್ಟೆಯ ಮೇಲೆ ಕೂತಿದ್ದಾರೆ.

ಅವರು ಮತ್ತೆ ನಮ್ಮಲ್ಲಿಗೆ ಬಂದಾಗ ಜಗಳಕ್ಕೆ ಸಿದ್ಧನಾಗಿದ್ದೆ. ಅವರು ದನಿ ಏರಿಸಲೇ ಇಲ್ಲ.

“ನಾ ಸತ್ತೇನಿ ಅಂತ ಬರದದ್ದಕ್ಕ ನನಗೇನು ಬ್ಯಾಸರಿಲ್ರಿ. ನಮ್ಮ ತಂಗಿ ಹೆಸರು ಹುಟ್ಟಿದಾಗಿಂದ ಎಲ್ಲೂ ಅಚ್ಚಾಗಿದ್ದಿಲ್ಲ. ಲಗ್ನಪತ್ರನೂ ಇದ್ದಿಲ್ಲ ಆಕಿಗೆ. ಸತ್ತ ಮ್ಯಾಲರ ಒಮ್ಮೆ ಆಗ್ಲಿ ಅಂತ ಬಂದಿದ್ದೆ.”

ಬೇರೆ ಕಾರ್ಡು ಹಾಕಿಕೊಡುತ್ತೇವೆಂದು ಮಾಲೀಕರು ಬೇಡಿಕೊಂಡರು. ಪುಣ್ಯಸ್ಮರಣೆ ಮುಗಿದುಹೋಯಿತಲ್ಲ ಎಂದು ಅವರು ಎದ್ದು ಹೋದರು.

ಪರದೆಯ ಮೇಲೆ ಕೊನೆಯದಾಗಿ ತಿದ್ದಿ ನೋಡಿದವರು ಯಾರು ಎಂದು ಮಾಲೀಕರು ಕೇಳಿದರು. ಇಮಾಮಸಾಬರು ನನ್ನತ್ತ ನೋಡಿದರು. ನಾನು ಕೀಲಿಮಣೆಯ ಧೂಳು ಒರೆಸುತ್ತಿದ್ದೆ.

“ನಾನ ನೋಡಿದ್ದೆರಿ,” ಅಂದರು ಇಮಾಮಸಾಬರು.

ವಯಸ್ಸಾದ ಕಣ್ಣು, ಇನ್ನು ಸಾಕು ಎಂದು ತೀರ್ಮಾನವಾಯಿತು. ಅವರು ಸವಣೂರಿಗೆ ಹೊರಟುಹೋದರು. ಸೀಸದ ಮೊಳೆಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು. ಒಂದೆರಡು ವರ್ಷದ ಮೇಲೆ, ಆ ಅಕ್ಷರ ನನಗೂ ಕಂಡಿರಲಿಲ್ಲವೆಂದು ಹೇಳಿಬಿಡಬೇಕೆಂದು ಅವರ ಮನೆಗೆ ಹೋದೆ. ಅವರು ಮಾತಾಡಲು ಬಿಡದೆ ಊಟಕ್ಕಿಟ್ಟರು, ನನ್ನ ಕಣ್ಣು ಹೇಗಿವೆ ಎಂದು ವಿಚಾರಿಸಿದರು. ಉಂಡು, ಕೈ ತೊಳೆದು, ಬಸ್ಸು ಹತ್ತಿ ವಾಪಸು ಬಂದೆ. ಆಮೇಲೆ ಅವರು ಹೆಚ್ಚು ದಿನ ಇರಲಿಲ್ಲ.

ಯಾರಿಗೆ ಹೇಳಬೇಕಾಗಿತ್ತೋ ಆ ಇಬ್ಬರೂ, ಇಮಾಮಸಾಬರೂ ನಿಂಗಪ್ಪನವರೂ, ಹೋದ ಮೇಲೆ ನಿಮಗೆ ಹೇಳುತ್ತಿದ್ದೇನೆ. ಹೇಳಿದರೆ ಹಗುರಾಗುತ್ತದೆಂದು ಇಷ್ಟು ವರ್ಷ ನಂಬಿದ್ದೆ. ಹಾಗೇನೂ ಆಗಲಿಲ್ಲ.