ಸರಳುಗಳು ಗುಂಯ್‌ಗುಡುವ ಹೊತ್ತು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪುಣೆಯ ಹತ್ತಿರ ನಿಗಡಿಯ ಈ ಕಟ್ಟಡಕ್ಕೆ ಕಂಬಗಳಿವೆ, ಗೋಡೆಗಳಿಲ್ಲ. ಕೆಲಸದವರಲ್ಲಿ ಏಳನೆಯ ಮಹಡಿಯ ಮೇಲೆ ಸಾಬವ್ವ ಒಬ್ಬರೇ ಇದ್ದಾರೆ, ಅವರ ಬಗ್ಗೆ ಬರೆಯಲು ಬಂದ ನಾನು ಹಿಂದೆ ನಿಂತಿದ್ದೇನೆ. ಕಾಲ ಕೆಳಗೆ ಕಬ್ಬಿಣದ ಸರಳುಗಳ ಜಾಲ. ಸುತ್ತಲೂ ಕಂಬಗಳ ತಲೆಯಿಂದ ಆಕಾಶಕ್ಕೆ ಚಾಚಿಕೊಂಡ ಸರಳುಗಳು. ಸಾಬವ್ವ ಸೆರಗನ್ನು ಕಿವಿಯಿಂದ ಸರಿಸಿ ಒಂದೊಂದರ ಹತ್ತಿರವೂ ಹೋಗಿ ಕಿವಿಗೊಡುತ್ತಾರೆ. ಮುಟ್ಟುವುದಿಲ್ಲ. ಗಾಳಿ ಇಲ್ಲ. ಕೆಳಗೆ ತಗಡಿನ ಶೆಡ್ಡುಗಳ ಮುಂದೆ ಒಣಹಾಕಿದ ಬಟ್ಟೆಗಳು ಅಲುಗುತ್ತಿಲ್ಲ.

ದೇಹೂ ರೋಡಿನ ಕಡೆಯಿಂದ ಮಿಲಿಟರಿಯವರ ತುತೂರಿ ಕೇಳಿಸುತ್ತದೆ. ಬೇರೆ ದಿನಗಳಲ್ಲಿ ಅದು ಇಲ್ಲಿಗೆ ಮುಟ್ಟುವುದೇ ಇಲ್ಲ.

“ಇವತ್ತ ನೋಡ್ರಿ ಅಕ್ಕಾರ, ಬಾಜೂಕ ನಿಂತು ಊದಿದಂಗ ಕೇಳಲಕತ್ತದ. ದೂರಿಂದು ಹತ್ರ ಬಂತಂದ್ರ ಮಧ್ಯಾಹ್ನದ ಮ್ಯಾಲ ಏನರೆ ಒಂದು ಇರತದ.”

ಇಂದು ಸ್ಲ್ಯಾಬ್ ಹಾಕುವ ದಿನ. ಇನ್ನು ಸ್ವಲ್ಪ ಹೊತ್ತಿಗೆ ಇಲ್ಲಿ ತೆಂಗಿನಕಾಯಿ ಒಡೆಯುತ್ತಾರೆ, ಕೆಳಗೆ ಮಿಕ್ಸರ್ ತಿರುಗಲು ಸುರುವಾಗುತ್ತದೆ. ಸುಮಾರು ನಲವತ್ತು ಜನ ಕತ್ತಲಾಗುವವರೆಗೆ ನಿಲ್ಲದೆ ಕಾಂಕ್ರೀಟು ಹೊರುತ್ತಾರೆ. ಸಾಬವ್ವನ ಮಗಳು ಅಂಬಾ ಕೂಡ ಆ ಸಾಲಿನಲ್ಲಿ ಇರುತ್ತಾಳೆ.

ಸಾಬವ್ವ ಶಹಾಪುರ ತಾಲೂಕಿನವರು. ತಂದೆ ಊರವರ ಕುರಿ ಕಾಯುತ್ತಿದ್ದರು. ಸಾಬವ್ವ ಎಂಟೋ ಒಂಬತ್ತೋ ವರ್ಷದವರಿದ್ದಾಗ ಒಂದು ಸಂಜೆ ಭೀಮಾ ಹೊಳೆಯ ಕಡೆಯಿಂದ ಮೋಡ ಎದ್ದು ಬಂದು, ಜಾಲಿಗಿಡದ ಬುಡಕ್ಕೆ ಸಿಡಿಲು ಬಿತ್ತು. ಎಲ್ಲರೂ ಮನೆಯ ಕಡೆ ಓಡಿದರು. ಈ ಹುಡುಗಿ ಗಿಡದ ಕಡೆ ಓಡಿದಳು. ಕುರಿಗಳು ಮೊದಲು ಹೇಗಿದ್ದವೋ ಹಾಗೇ ಕಾಲು ಮಡಚಿ ಕೂತಿದ್ದವು. ಒಂದರ ಬಾಯಲ್ಲಿ ಹುಲ್ಲಿತ್ತು. ಉಸಿರು ಮಾತ್ರ ಇರಲಿಲ್ಲ.

“ಹೆದರಿಕಿ ಬರಬೇಕಿತ್ರಿ. ಬರಲಿಲ್ಲ. ಇನ್ನೊಮ್ಮೆ ನೋಡಬೇಕನಸ್ತು.”

ಅಂದಿನಿಂದ ಅವರ ಕಣ್ಣು ನೆಲದ ಮೇಲೆ ನಿಂತದ್ದು ಕಡಿಮೆ. ಅಂಬಾ ನಗುತ್ತಾಳೆ: “ಅಪ್ಪ ಇವತ್ತಿಗೂ ಅಂತಾನ್ರಿ. ನಾ ತಾಳಿ ಕಟ್ಟೂಮುಂದ ನಿಮ್ಮವ್ವ ಹಂದರದ ಸಂದ್ಯಾಗಿಂದ ಮುಗಲ ನೋಡ್ಲಕತ್ತಿದ್ಳು ಅಂತ. ಲಗ್ನ ನನ್ನ ಜೋಡಿ ಆತೋ ಮಳಿ ಜೋಡಿ ಆತೋ ಗೊತ್ತಿಲ್ಲಂತಾನ.”

“ನಿಮ್ಮಪ್ಪನಕಿಂತ ಮಳೀನೇ ಹೇಳಿದ ಹೊತ್ತಿಗೆ ಬರತದವ್ವಾ,” ಎನ್ನುತ್ತಾರೆ ಸಾಬವ್ವ. ಅವರ ಗಂಡ ಕೆಳಗೆ ಮಿಕ್ಸರಿನ ಬಳಿ ಕೆಲಸ ಮಾಡುತ್ತಾರೆ.

೧೯೯೩ರಲ್ಲಿ ಅವರ ಮನೆಯವರೆಲ್ಲ ಕೂಲಿಗೆಂದು ಪುಣೆಗೆ ಬಂದರು. ಸರಳುಗಳ ಸದ್ದನ್ನು ಸಾಬವ್ವ ಮೊದಲು ಕೇಳಿದ್ದು ಅದಾಗಿ ಮೂರು ವರ್ಷಕ್ಕೆ, ಆಕುರ್ಡಿಯ ಒಂದು ಕಟ್ಟಡದ ಮೇಲೆ. ಮೇ ತಿಂಗಳ ಮೋಡ ತಲೆಯ ಮೇಲಿತ್ತು. ಮಳೆ ಇನ್ನೂ ಬಿದ್ದಿರಲಿಲ್ಲ. ಸರಳುಗಳ ತುದಿಯಿಂದ ಸಣ್ಣಗೆ ಗುಂಯ್ ಎಂಬ ಸದ್ದು ಬರುತ್ತಿತ್ತು. ಗುಡುಗಿನ ಮೋಡ ತೀರ ಹತ್ತಿರ ಬಂದಾಗ ಎತ್ತರದ ಕಬ್ಬಿಣ ಹೀಗೆ ಸದ್ದು ಮಾಡುವುದುಂಟು, ಮೋಡದ ವಿದ್ಯುತ್ತೇ ಅದಕ್ಕೆ ಕಾರಣ ಎಂದು ಪುಸ್ತಕಗಳು ಹೇಳುತ್ತವೆ. ಸಾಬವ್ವನಿಗೆ ಅದು ಗೊತ್ತಿರಲಿಲ್ಲ. “ಇಳೀರಿ” ಎಂದು ಕೂಗಿದರು. ಹೆಚ್ಚಿನವರು ಇಳಿದರು. ಸರಳು ಕಟ್ಟುವ ಈರಬಸಪ್ಪ ಇಳಿಯಲಿಲ್ಲ. “ಸಿಡಿಲಿಗೂ ನಿನಗೂ ಏನ್ ಬೀಗತನ ಅದ ಏನಬೇ?” ಎಂದು ನಕ್ಕ. ಕಟ್ಟುವುದು ಇನ್ನೊಂದೇ ಗಂಟಿತ್ತು.

ಮಳೆ ನಿಂತ ಮೇಲೆ ಹೋಗಿ ನೋಡಿದರೆ ಅವನು ಕುಕ್ಕರಗಾಲಲ್ಲಿ ಹಾಗೇ ಕೂತಿದ್ದ. ಕಟ್ಟುವ ತಂತಿ ಬಾಯಲ್ಲಿತ್ತು.

ಆಮೇಲೆ ಸಾಬವ್ವ ಎಲ್ಲಿ ಕೆಲಸ ಮಾಡಿದರೂ ಅಲ್ಲಿ ಒಂದು ಪದ್ಧತಿ ಬೆಳೆಯಿತು. ಸರಳು ಸದ್ದು ಮಾಡಿದರೆ ಅವರು ಗಮೇಲಾ ಬಡಿಯುತ್ತಾರೆ. ಗಮೇಲಾ ಎಂದರೆ ಕಾಂಕ್ರೀಟು ಹೊರುವ ಕಬ್ಬಿಣದ ಬುಟ್ಟಿ. ಅದರ ಸದ್ದು ಕೇಳಿದ ಕೂಡಲೇ ಮೇಲಿನವರೆಲ್ಲ ಕೈಯಲ್ಲಿದ್ದುದನ್ನು ಬಿಟ್ಟು ಇಳಿಯಬೇಕು. ಹತ್ತು ವರ್ಷ, ಹದಿನಾಲ್ಕು ಕಟ್ಟಡ. ಈರಬಸಪ್ಪನ ನಂತರ ಯಾರ ಜೀವವೂ ಹೋಗಿಲ್ಲ.

ಆದರೆ ಮೂರು ವಾರದ ಹಿಂದೆ ಅವರು ತಪ್ಪಿದರು. ಇದೇ ಕಟ್ಟಡದ ಆರನೆಯ ಮಹಡಿಯ ಸ್ಲ್ಯಾಬ್ ದಿನ ಅದು. ಹಾಕಿದ ಕಾಂಕ್ರೀಟು ಒತ್ತಾಗಿ ಕೂರಲೆಂದು ಅದರೊಳಗೆ ವೈಬ್ರೇಟರ್ ಬಿಡುತ್ತಾರೆ. ಆ ಯಂತ್ರ ನಡೆಯುವಾಗ ಇಡೀ ಸರಳಿನ ಜಾಲ ನಡುಗುತ್ತದೆ, ಗುಂಯ್‌ಗುಡುತ್ತದೆ. ಮೋಡವೂ ಇತ್ತು. ಸಾಬವ್ವ ಯಂತ್ರದ ಸದ್ದನ್ನೇ ಮೋಡದ ಸದ್ದೆಂದು ತಿಳಿದು ಗಮೇಲಾ ಬಡಿದರು. ಎಲ್ಲರೂ ಇಳಿದರು. ಮೋಡ ಚಾಕಣದ ಕಡೆ ಹೊರಟುಹೋಯಿತು. ಅರ್ಧ ಹಾಕಿದ ಸ್ಲ್ಯಾಬ್ ಗಟ್ಟಿಯಾಯಿತು. ಅದರ ಅಂಚನ್ನು ಒಡೆದು ಮತ್ತೆ ಹಾಕಬೇಕಾಯಿತು.

ಕೂಲಿಯವರನ್ನು ನೋಡಿಕೊಳ್ಳುವ ಮುಕಾದಮ ಭೀಮಣ್ಣ ಅವರ ಊರಿನ ಕಡೆಯವನೇ. ಕೆಟ್ಟವನಲ್ಲ. ಅಂದು ಎಲ್ಲರ ಮುಂದೆ ಹೇಳಿದ: “ಸಾಬಕ್ಕಾ, ಇನ್ನೊಮ್ಮೆ ಸುಳ್ಳಾತಂದ್ರ ಗಮೇಲಾ ಬಡಿಯೋದು ಬಂದ್. ನೀ ಬಡದ್ರೂ ಯಾರೂ ಇಳಿಯಂಗಿಲ್ಲ.”

ಸಾಬವ್ವನಿಗೆ ಕೆಲಸ ಹೋಗುವ ಭಯವಿಲ್ಲ. ಗಮೇಲಾ ಬಡಿದಾಗ ಜನ ನಗುತ್ತ ಮೇಲೆಯೇ ನಿಂತುಬಿಡುವ ಭಯ.

ಮಧ್ಯಾಹ್ನದ ಊಟ ಮುಗಿದಿದೆ. ಸಂಜೆಗೆ ಹಂಚಲು ತಂದ ಜಿಲೇಬಿಯ ಪೊಟ್ಟಣ ಕಂಬದ ಬುಡದಲ್ಲಿದೆ. ಭೋಸರಿಯ ಕಡೆಯಿಂದ ಮೋಡ ಏರಿ ಬರುತ್ತದೆ. ಬಿಸಿಲು ಹೋಗಿ ಎಲ್ಲರ ಮುಖದ ಮೇಲೆ ತಾಮ್ರದಂಥ ಬೆಳಕು ಕೂತಿದೆ. ಯಾರಿಗೂ ನೆರಳಿಲ್ಲ. ಮೋಹನದಾಸ್ ಎಂಬಾತ ವೈಬ್ರೇಟರ್ ಹಿಡಿದಿದ್ದಾನೆ. ಕಾಲ ಕೆಳಗೆ ಜಾಲ ನಡುಗುತ್ತಿದೆ. ಸಾಬವ್ವ ಕಂಬದ ಬಳಿ ಹೋಗಿ ಕಿವಿಗೊಡುತ್ತಾರೆ. ಯಂತ್ರವಲ್ಲದೆ ಬೇರೇನೂ ಕೇಳಿಸುವುದಿಲ್ಲ. ತಲೆಯಿಂದ ಗಮೇಲಾ ಇಳಿಸುತ್ತಾರೆ.

“ಸಾಬಕ್ಕಾ!” ಭೀಮಣ್ಣ ನೋಡುತ್ತಲೇ ಇದ್ದ. “ಅರ್ಧಾ ಸ್ಲ್ಯಾಬ್ ಉಳದದ.”

“ಬಡಿಯಂಗಿಲ್ಲ ತಮ್ಮಾ. ಮಿಷಿನ್ ಒಂದ್ ಗಳಿಗಿ ನಿಂದ್ರಸು. ಕೇಳತೀನಿ. ಏನೂ ಇಲ್ಲಂದ್ರ ಈ ಗಮೇಲಾ ನಾನೇ ಕೆಳಗ ಒಗೀತೀನಿ.”

“ಒಂದೇ ಗಳಿಗಿ. ಆಮ್ಯಾಲ ಮುಗಲಿನ ಸುದ್ದಿ ತೆಗೀಬ್ಯಾಡ.”

“ಬಂದ್ ಕರೂ ಕಾ?” ನಿಲ್ಲಿಸಲೇ ಎಂದು ಮೋಹನದಾಸ್ ಮರಾಠಿಯಲ್ಲಿ ಕೇಳುತ್ತಾನೆ. ಭೀಮಣ್ಣ ಕೈ ಎತ್ತುತ್ತಾನೆ.

ಯಂತ್ರ ನಿಲ್ಲುತ್ತದೆ. ಕಾಲ ಕೆಳಗಿನ ನಡುಕ ನಿಲ್ಲುತ್ತದೆ. ಗುಂಯ್ ಎಂಬ ಸದ್ದು ನಿಲ್ಲುವುದಿಲ್ಲ.

ಅದು ಈಗ ಮೇಲಿನಿಂದ ಬರುತ್ತಿದೆ, ಸರಳುಗಳ ತುದಿಯಿಂದ. ಗೂಡಿನ ಒಳಗೆಲ್ಲೋ ಜೇನುಹುಳಗಳು ಇದ್ದಂತೆ. ನಲವತ್ತು ಜನ ನಿಂತಲ್ಲೇ ನಿಂತಿದ್ದಾರೆ. ಮೂಲೆಯಲ್ಲಿದ್ದ ಅಂಬಾಳ ಹಣೆಯ ಮೇಲಿನ ಕೂದಲು ಗಾಳಿಯಿಲ್ಲದೆ ತಾನಾಗಿ ಮೇಲಕ್ಕೆದ್ದಿದೆ. ಅವಳಿಗೆ ಅದು ಗೊತ್ತಿಲ್ಲ. ಅವಳು ಉಳಿದವರ ಮುಖ ನೋಡುತ್ತಿದ್ದಾಳೆ.

ಗಮೇಲಾ ಬಡಿದದ್ದು ಸಾಬವ್ವ ಅಲ್ಲ. ಅವರ ಕೈಯಿಂದ ಕಸಿದುಕೊಂಡು ಭೀಮಣ್ಣ ಬಡಿದ.

ಎಲ್ಲರೂ ಮೆಟ್ಟಿಲ ಕಡೆ ನುಗ್ಗುತ್ತಾರೆ. ಸಾಬವ್ವ ಎಂದಿನಂತೆ ಕೊನೆಯವರು. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು ಹಿಂತಿರುಗಿ ನೋಡುತ್ತಾರೆ. ಮೋಡದ ಹೊಟ್ಟೆ ತಿರುಗುತ್ತಿದೆ. ಅಂಬಾ ಕೆಳಗಿನಿಂದ ಸೆರಗು ಜಗ್ಗುತ್ತಾಳೆ: “ಯವ್ವಾ, ನೋಡಿದ್ದು ಸಾಕು. ಬಾ.”

ನಾಲ್ಕನೆಯ ಮಹಡಿ ತಲುಪುವಾಗ ಬೆಳಕೂ ಸದ್ದೂ ಒಟ್ಟಿಗೆ ಬಂದವು. ಮಳೆ ಬಹಳ ಹೊತ್ತು ಹೊಡೆಯಿತು. ಮತ್ತೆ ಮೇಲೆ ಹತ್ತಿದಾಗ ಮೂಲೆಯ ಕಂಬದ ಅಂಚು ಒಡೆದಿತ್ತು. ಅಂಬಾ ಬಿಟ್ಟು ಓಡಿದ ಗಮೇಲಾ ಅದರ ಬುಡದಲ್ಲೇ ಬಿದ್ದಿತ್ತು. ಅದರ ತಳದಲ್ಲಿ ಕಡಲೆಕಾಳಿನಷ್ಟು ಒಂದು ತೂತು, ತೂತಿನ ಸುತ್ತ ನೀಲಿ. ಅಂಬಾ ಅದನ್ನು ಎತ್ತಿ ಕಣ್ಣಿಗೆ ಹಿಡಿದು, ತೂತಿನಿಂದ ತಾಯಿಯನ್ನು ನೋಡಿದಳು.

ಮರುದಿನ ಬೆಳಿಗ್ಗೆಯೂ ಸಾಬವ್ವ ಮೇಲಿದ್ದಾರೆ. ಅರ್ಧ ಉಳಿದ ಸ್ಲ್ಯಾಬಿನ ಅಂಚನ್ನು ಇನ್ನು ಒಡೆಯಬೇಕು. ಅದಕ್ಕೆ ಇಂಜಿನಿಯರ್ ಬೈದದ್ದೂ ಆಗಿದೆ. ಬೈಸಿಕೊಂಡವನು ಭೀಮಣ್ಣ. ತೂತಾದ ಗಮೇಲಾವನ್ನು ಅವನೇ ಮೆಟ್ಟಿಲ ಬಳಿ ತಂತಿ ಕಟ್ಟಿ ತೂಗುಹಾಕಿದ್ದಾನೆ. “ಮಾಲು ಹೊರಲಿಕ್ಕೆ ಬರಂಗಿಲ್ಲ, ಬಡೀಲಿಕ್ಕೆ ಬರತದ,” ಎನ್ನುತ್ತಾನೆ. “ಇನ್ನ ಮ್ಯಾಲ ಮೋಡ ಬಂತಂದ್ರ ಮೊದಲ ಮಿಷಿನ್ ಬಂದ್. ಆಮ್ಯಾಲ ಸಾಬಕ್ಕ ಹೇಳಿದಂಗ.”

ಸಾಬವ್ವನಿಗೆ ಏನು ಬೇಕು? ಇವತ್ತು ಆಕಾಶ ತಿಳಿಯಾಗಿದೆ. ಅವರು ಅದನ್ನೇ ನೋಡುತ್ತ ಹೇಳುತ್ತಾರೆ:

“ಇಲ್ಲೆಲ್ಲಾ ಗ್ವಾಡಿ ಎದ್ದ ಮ್ಯಾಲ ಕಿಟಕಿ ಕೂಡ್ರಸ್ತಾರಲ್ರಿ, ಕಾಜಿಂದು. ಅಂಥಾದೊಂದು ಕಿಟಕಿ ಹಿಂದ ಕುಂತು ಒಂದ್ಸಲ ಪೂರಾ ನೋಡಬೇಕ್ರಿ. ಅದು ಎದ್ದು ಬರೂದ್ರಿಂದ ಹಿಡದು ಹೋಗೂತನಾ. ಇಷ್ಟ ವರ್ಷಾತು, ಬರೂದು ನೋಡೀನಿ, ಹೋಗೂದು ನೋಡೀನಿ. ನಡುವಿಂದು ನೋಡೇ ಇಲ್ಲ. ಮೆಟ್ಟಲದಾಗೇ ಇರತೀನಿ.”

ಸೆರಗನ್ನು ಮತ್ತೆ ಕಿವಿಯ ಮೇಲೆ ಎಳೆದುಕೊಳ್ಳುತ್ತಾರೆ.

“ಆವತ್ತ ಸ್ಲ್ಯಾಬ್ ಮ್ಯಾಲ ಯಾರೂ ಇರಬಾರದು ನೋಡ್ರಿ. ಇಳಸಬೇಕಾದೋರು ಒಬ್ರೂ ಇರಬಾರದು.”